ಬೀಜಗಣಿತವನ್ನು ನೇಯುವ ಯಂತ್ರ

ಅಂಕಗಣಿತದಿಂದ ಬೀಜಗಣಿತಕ್ಕೆ ಕಾಲಿಡುವ ವಿದ್ಯಾರ್ಥಿಯನ್ನು ಮೊದಲು ಬೆರಗುಗೊಳಿಸುವುದು ಅಂಕೆಗಳ ನಡುವೆ ಬಂದು ಕುಳಿತ ಅಕ್ಷರ. ಇನ್ನೂ ಬೆಲೆ ತಿಳಿಯದ ಒಂದು ರಾಶಿಗೆ ಹೆಸರಿಟ್ಟು, ತಿಳಿದ ರಾಶಿಗಳೊಡನೆ ಅದನ್ನೂ ಕೂಡಿ ಕಳೆದು, ಕೊನೆಗೆ ಅದರ ಬೆಲೆಯನ್ನು ಬೆಳಕಿಗೆ ತರುವುದೇ ಬೀಜಗಣಿತದ ಹಾದಿ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು ಇಂತಹ ಅವ್ಯಕ್ತ ರಾಶಿಗಳನ್ನು ಯಾವತ್ತಾವತ್, ಕಾಲಕ, ನೀಲಕ ಮೊದಲಾದ ಹೆಸರುಗಳಿಂದ ಗುರುತಿಸಿದರು. ಇಂದು ನಾವು ಅಕ್ಷರಗಳಿಂದ ಗುರುತಿಸುತ್ತೇವೆ. ಹೆಸರು ಯಾವುದಾದರೂ ಅದರ ಹಿಂದಿರುವ ವಿಚಾರ ಒಂದೇ. ಚಿಹ್ನೆಗಳನ್ನು ನಿಯಮದಂತೆ ನಡೆಸಿಕೊಂಡು ಹೋದರೆ ಸತ್ಯವು ತಾನಾಗಿ ಗೋಚರಿಸುತ್ತದೆ.

ಈ ಕೆಲಸವನ್ನು ಇಂದು ಗಣಕಯಂತ್ರಗಳೂ ಮಾಡುತ್ತವೆ. ಸಮೀಕರಣವೊಂದನ್ನು ಒಪ್ಪಿಸಿದರೆ ಕ್ಷಣಮಾತ್ರದಲ್ಲಿ ಬಿಡಿಸಿ ಕೊಡುತ್ತವೆ. ಬೀಜೋಕ್ತಿಯನ್ನು ವಿಸ್ತರಿಸುತ್ತವೆ, ಅಪವರ್ತಿಸುತ್ತವೆ. ಅವು ಸಂಖ್ಯೆಗಳನ್ನು ಮಾತ್ರವಲ್ಲದೆ ಅಕ್ಷರಗಳನ್ನೂ ಕುರಿತು ಲೆಕ್ಕ ಹಾಕಬಲ್ಲವು. ಇಂತಹ ಯಂತ್ರ ಸಾಧ್ಯವೆಂಬುದನ್ನು, ಮನೆಗಳಿಗೆ ವಿದ್ಯುತ್ತು ಬರುವುದಕ್ಕೆ ಬಹು ಹಿಂದೆಯೇ, 1843ರಲ್ಲಿ ವಿವರಿಸಿ ಅಚ್ಚು ಹಾಕಿಸಿದವಳು ಇಂಗ್ಲೆಂಡಿನ ಒಬ್ಬ ಮಹಿಳೆ. ಆಕೆಯೇ ಏಡಾ ಲವ್‌ಲೇಸ್. ಆಗ ಆಕೆಯ ವಯಸ್ಸು ಇಪ್ಪತ್ತೇಳು.

ಏಡಾ 1815ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಜನಿಸಿದಳು. ಆಕೆಯ ತಂದೆ ಇಂಗ್ಲಿಷ್ ಸಾಹಿತ್ಯದ ಪ್ರಖ್ಯಾತ ಕವಿ ಲಾರ್ಡ್ ಬೈರನ್. ತಾಯಿ ಆನಾಬೆಲ್ಲಾ ಮಿಲ್‌ಬ್ಯಾಂಕ್ ಗಣಿತದಲ್ಲಿ ಆಸಕ್ತಿಯುಳ್ಳ, ಶಿಸ್ತಿನ ಸ್ವಭಾವದ ಮಹಿಳೆ. ಕವಿಯ ಉದ್ವೇಗಕ್ಕೂ ಪತ್ನಿಯ ಕಟ್ಟುನಿಟ್ಟಿಗೂ ಹೊಂದಾಣಿಕೆಯಾಗಲಿಲ್ಲ. ಮಗುವಿಗೆ ಒಂದು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ತಾಯಿ ಅದನ್ನೆತ್ತಿಕೊಂಡು ತವರಿಗೆ ಹೊರಟುಹೋದಳು. ಕೆಲವೇ ತಿಂಗಳಲ್ಲಿ ಬೈರನ್ ಇಂಗ್ಲೆಂಡನ್ನು ಬಿಟ್ಟನು; ಮತ್ತೆಂದೂ ಹಿಂದಿರುಗಲಿಲ್ಲ. 1824ರಲ್ಲಿ ಗ್ರೀಸ್ ದೇಶದ ಸ್ವಾತಂತ್ರ್ಯ ಹೋರಾಟಕ್ಕೆ ನೆರವಾಗಲು ಹೋಗಿದ್ದವನು ಅಲ್ಲಿಯೇ ಜ್ವರದಿಂದ ತೀರಿಕೊಂಡನು. ಎಂಟು ವರ್ಷದ ಮಗಳಿಗೆ ತಂದೆಯೆಂದರೆ ಕೇವಲ ಒಂದು ಹೆಸರು.

ತಂದೆಯ ಕವಿಸ್ವಭಾವ ಮಗಳಿಗೂ ಇಳಿದುಬಂದೀತೆಂಬುದು ತಾಯಿಯ ದೊಡ್ಡ ಭೀತಿ. ಕಲ್ಪನೆಯ ಅಲೆದಾಟಕ್ಕೆ ಗಣಿತವೇ ಕಡಿವಾಣವೆಂದು ಆಕೆ ನಂಬಿದ್ದಳು. ಆದ್ದರಿಂದ ಎಳವೆಯಿಂದಲೇ ಏಡಾಳಿಗೆ ಲೆಕ್ಕ, ರೇಖಾಗಣಿತ, ಭಾಷೆಗಳ ಪಾಠ ಆರಂಭವಾಯಿತು. ಮನಸ್ಸು ಹತೋಟಿಗೆ ಬರಲೆಂದು ಆ ಪುಟ್ಟ ಹುಡುಗಿ ಅಲುಗಾಡದೆ ಬಹಳ ಹೊತ್ತು ಮಲಗಿರಬೇಕಾಗುತ್ತಿತ್ತು. ಆದರೆ ಹುಟ್ಟಿನೊಡನೆ ಬಂದ ಕಲ್ಪನೆಯನ್ನು ಪಾಠಗಳು ಅಳಿಸಲಾರವು. ಹನ್ನೆರಡನೆಯ ವಯಸ್ಸಿನಲ್ಲಿ ಏಡಾಳಿಗೆ ಹಾರುವ ಹಂಬಲ ಹುಟ್ಟಿತು. ಹಗಲುಗನಸು ಕಾಣುತ್ತ ಕುಳಿತುಕೊಳ್ಳದೆ ಆಕೆ ಹಕ್ಕಿಗಳ ಅಂಗರಚನೆಯನ್ನು ಅಭ್ಯಸಿಸಿದಳು. ದೇಹದ ಗಾತ್ರಕ್ಕೆ ರೆಕ್ಕೆ ಎಷ್ಟು ದೊಡ್ಡದಿರಬೇಕು, ಅದನ್ನು ಯಾವ ವಸ್ತುವಿನಿಂದ ಮಾಡಬೇಕು ಎಂದು ಯೋಚಿಸಿದಳು. ಉಗಿಯ ಬಲದಿಂದ ಹಾರುವ ಯಂತ್ರವನ್ನೂ ಕಲ್ಪಿಸಿ, ಆ ವಿಷಯವಾಗಿ ಚಿತ್ರಸಹಿತವಾದ ಪುಸ್ತಕವೊಂದನ್ನು ಬರೆಯಬೇಕೆಂದು ತಾಯಿಗೆ ಪತ್ರ ಬರೆದಳು. ಕಲ್ಪನೆ ಮತ್ತು ಲೆಕ್ಕ ಎಂಬ ಎರಡು ಗುಣಗಳು ಆಕೆಯಲ್ಲಿ ಜೊತೆಗೂಡಿದ್ದುದಕ್ಕೆ ಇದೇ ಮೊದಲ ಸಾಕ್ಷಿ.

ಮರುವರ್ಷ ದಡಾರ ಬಂದು ಏಡಾ ಹಾಸಿಗೆ ಹಿಡಿದಳು. ಕಾಲುಗಳು ಸ್ವಾಧೀನ ತಪ್ಪಿದವು. ಸುಮಾರು ಒಂದು ವರ್ಷ ಮಲಗಿದ್ದು, ಅನಂತರ ಊರುಗೋಲಿನ ಆಸರೆಯಿಂದ ನಡೆಯತೊಡಗಿದಳು. ಈ ದೀರ್ಘ ಕಾಯಿಲೆಯಲ್ಲಿಯೂ ಓದು ನಿಲ್ಲಲಿಲ್ಲ.

ಆ ಕಾಲದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬಾಗಿಲು ಮಹಿಳೆಯರಿಗೆ ತೆರೆದಿರಲಿಲ್ಲ. ಗಣಿತವು ಹೆಣ್ಣಿನ ದೇಹಶಕ್ತಿಗೆ ಮೀರಿದ ವಿದ್ಯೆಯೆಂದು ವಿದ್ವಾಂಸರೂ ನಂಬಿದ್ದರು. ಹಾಗಿದ್ದರೂ ಸ್ವಪ್ರಯತ್ನದಿಂದ ಗಣಿತ ಮತ್ತು ಖಗೋಳಶಾಸ್ತ್ರಗಳಲ್ಲಿ ಪಾಂಡಿತ್ಯ ಪಡೆದಿದ್ದ ಮೇರಿ ಸಾಮರ್‌ವಿಲ್ ಎಂಬ ವಿದುಷಿ ಲಂಡನ್ನಿನಲ್ಲಿದ್ದಳು. ಆಕೆಯ ಸ್ನೇಹ ಏಡಾಳಿಗೆ ದೊರೆತುದು ಒಂದು ಭಾಗ್ಯ. ಗಣಿತವನ್ನು ಕಲಿತ ಹೆಣ್ಣು ಹೇಗಿರುತ್ತಾಳೆಂಬುದನ್ನು ಏಡಾ ಕಣ್ಣಾರೆ ಕಂಡಳು.

1833ರ ಜೂನ್ ತಿಂಗಳಲ್ಲಿ ಏಡಾಳ ಬಾಳಿಗೆ ದಿಕ್ಕು ತೋರಿದ ಭೇಟಿಯೊಂದು ನಡೆಯಿತು. ಔತಣಕೂಟವೊಂದರಲ್ಲಿ ಆಕೆಗೆ ಚಾರ್ಲ್ಸ್ ಬ್ಯಾಬೇಜನ ಪರಿಚಯವಾಯಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಬ್ಯಾಬೇಜನಿಗೆ ಆಗ ನಾಲ್ವತ್ತೊಂದು ವರ್ಷ, ಏಡಾಳಿಗೆ ಹದಿನೇಳು. ಕೆಲವು ದಿನಗಳ ಬಳಿಕ ತಾಯಿ ಮಗಳಿಬ್ಬರೂ ಅವನ ಮನೆಗೆ ಹೋಗಿ ಅವನು ಕಟ್ಟುತ್ತಿದ್ದ ಯಂತ್ರದ ಒಂದು ಭಾಗವನ್ನು ನೋಡಿದರು. ಹಿತ್ತಾಳೆಯ ಹಲ್ಲುಚಕ್ರಗಳನ್ನು ಕಂಬಗಳಂತೆ ಒಂದರ ಮೇಲೊಂದು ಜೋಡಿಸಿದ್ದ ಆ ಯಂತ್ರದ ಹಿಡಿಯನ್ನು ತಿರುಗಿಸಿದರೆ ಲೆಕ್ಕದ ಉತ್ತರ ಚಕ್ರಗಳ ಮೇಲೆ ಮೂಡುತ್ತಿತ್ತು.

ಆ ಯಂತ್ರದ ಅಗತ್ಯವೇನಿತ್ತು? ನಾವಿಕರು, ಎಂಜಿನಿಯರುಗಳು, ಖಗೋಳಜ್ಞರು ಆಗ ಅಚ್ಚಾದ ಗಣಿತ ಕೋಷ್ಟಕಗಳನ್ನು ನಂಬಿ ಕೆಲಸ ಮಾಡುತ್ತಿದ್ದರು. ಆ ಕೋಷ್ಟಕಗಳನ್ನು ಮನುಷ್ಯರು ಕೈಯಿಂದ ಲೆಕ್ಕ ಹಾಕುತ್ತಿದ್ದುದರಿಂದ ತಪ್ಪುಗಳು ನುಸುಳುತ್ತಿದ್ದವು. ಬ್ಯಾಬೇಜನು ಇದಕ್ಕೊಂದು ಉಪಾಯ ಕಂಡನು. 1, 4, 9, 16 ಎಂಬ ವರ್ಗಸಂಖ್ಯೆಗಳನ್ನು ನೋಡಿದರೆ ಅವುಗಳ ನಡುವಿನ ವ್ಯತ್ಯಾಸಗಳು 3, 5, 7. ಈ ವ್ಯತ್ಯಾಸಗಳ ವ್ಯತ್ಯಾಸ ಎಲ್ಲ ಕಡೆಯೂ 2. ಆದ್ದರಿಂದ ಗುಣಾಕಾರವೇ ಇಲ್ಲದೆ ಬರಿಯ ಸಂಕಲನದಿಂದ ಮುಂದಿನ ವರ್ಗಗಳನ್ನೆಲ್ಲ ಪಡೆಯಬಹುದು. ಸಂಕಲನ ಚಕ್ರಗಳಿಗೂ ಸಾಧ್ಯ. ಈ ತತ್ತ್ವದ ಮೇಲೆ ರೂಪುಗೊಂಡುದೇ ವ್ಯತ್ಯಾಸ ಯಂತ್ರ. ನೋಡಲು ಬಂದ ಅನೇಕರಿಗೆ ಅದು ಒಂದು ವಿನೋದದ ವಸ್ತು. ಏಡಾಳಾದರೋ ಅದರ ನಕ್ಷೆಗಳನ್ನು ತರಿಸಿಕೊಂಡು ಅಭ್ಯಸಿಸಿದಳು.

1835ರಲ್ಲಿ ವಿಲಿಯಂ ಕಿಂಗ್ ಎಂಬ ಶ್ರೀಮಂತನೊಡನೆ ಏಡಾಳ ವಿವಾಹವಾಯಿತು. 1838ರಲ್ಲಿ ಅವನಿಗೆ ಲವ್‌ಲೇಸ್ ಪ್ರಭು ಎಂಬ ಪದವಿ ದೊರೆತುದರಿಂದ ಏಡಾ ಲವ್‌ಲೇಸ್ ಎಂಬ ಹೆಸರು ಬಳಕೆಗೆ ಬಂದಿತು. ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಹುಟ್ಟಿದರು. ಮನೆವಾರ್ತೆ, ಮಕ್ಕಳ ಪಾಲನೆ, ಮತ್ತೆ ಮತ್ತೆ ಕಾಡುತ್ತಿದ್ದ ಅನಾರೋಗ್ಯ, ಇವುಗಳ ನಡುವೆ ಗಣಿತವು ಕೈಬಿಟ್ಟುಹೋಗುವ ಸಂಭವವಿತ್ತು. ಏಡಾ ಅದನ್ನು ಬಿಡಲಿಲ್ಲ. 1840ರಲ್ಲಿ ಅಗಸ್ಟಸ್ ಡಿ ಮಾರ್ಗನ್ ಎಂಬ ಶ್ರೇಷ್ಠ ಗಣಿತಜ್ಞನಲ್ಲಿ ಶಿಷ್ಯವೃತ್ತಿ ಆರಂಭಿಸಿದಳು. ಪಾಠವೆಲ್ಲ ಬಹುಮಟ್ಟಿಗೆ ಅಂಚೆಯ ಮೂಲಕವೇ ನಡೆಯಿತು.

ಆ ಪತ್ರಗಳನ್ನು ಓದಿದವರಿಗೆ ಏಡಾ ಎಲ್ಲವನ್ನೂ ಸುಲಭವಾಗಿ ಗ್ರಹಿಸಿದ ಅದ್ಭುತ ಬಾಲಕಿಯಾಗಿ ಕಾಣುವುದಿಲ್ಲ. ಆಕೆ ಬೀಜಗಣಿತದಲ್ಲಿ ಎಡವಿದಳು. ಸಣ್ಣ ಲೆಕ್ಕದಲ್ಲಿ ಸಿಕ್ಕಿಕೊಂಡು ದಿನಗಟ್ಟಲೆ ಪರದಾಡಿದಳು. ತಿಳಿಯದುದನ್ನು ತಿಳಿಯಲಿಲ್ಲವೆಂದು ಸಂಕೋಚವಿಲ್ಲದೆ ಗುರುವಿಗೆ ಬರೆದಳು. ನೋಡಲು ಎಷ್ಟೋ ಬೇರೆಯಾದ ಎರಡು ಬೀಜೋಕ್ತಿಗಳು ವಾಸ್ತವವಾಗಿ ಒಂದೇ ಆಗಿರುವುದು ಆಕೆಗೆ ದೊಡ್ಡ ತೊಡಕಾಗಿ ತೋರಿತು. ಒಂದು ಗಳಿಗೆ ಒಂದು ರೂಪದಲ್ಲಿ ಪಕ್ಕದಲ್ಲಿದ್ದು, ಮರುಗಳಿಗೆ ಇನ್ನೊಂದು ರೂಪ ತಾಳುವ ಕಥೆಗಳ ಕಾಮರೂಪಿ ಯಕ್ಷಿಣಿಯರಿಗೆ ಆಕೆ ಅವನ್ನು ಹೋಲಿಸಿದಳು. ಬೀಜೋಕ್ತಿಯನ್ನು ವಿಸ್ತರಿಸಿ, ಅಪವರ್ತಿಸಿ ಬೇಸತ್ತ ಯಾವ ವಿದ್ಯಾರ್ಥಿಗೂ ಈ ಹೋಲಿಕೆ ಒಪ್ಪಿಗೆಯಾದೀತು. ಮುಂದೆ ಬೀಜಗಣಿತದ ಯಂತ್ರವನ್ನು ಕುರಿತು ಬರೆಯುವಾಗ ಆಕೆಗೆ ನೆರವಾದುದು ಈ ಪರದಾಟವೇ. ಚಿಹ್ನೆಯ ರೂಪಾಂತರಗಳು ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟಿವೆ ಎಂಬುದನ್ನು ಆಕೆ ಕಷ್ಟಪಟ್ಟು ಕಲಿತಿದ್ದಳು.

ಅಷ್ಟರಲ್ಲಿ ಬ್ಯಾಬೇಜನ ಯೋಜನೆ ಬಹಳ ಮುಂದೆ ಸಾಗಿತ್ತು. ಶಿಲ್ಪಿಯೊಡನೆ ಉಂಟಾದ ವಿವಾದದಿಂದ ವ್ಯತ್ಯಾಸ ಯಂತ್ರದ ಕೆಲಸ 1833ರಲ್ಲಿ ನಿಂತುಹೋಗಿತ್ತು. ಅದಕ್ಕಾಗಿ ಸುಮಾರು 17 ಸಾವಿರ ಪೌಂಡುಗಳನ್ನು ವೆಚ್ಚ ಮಾಡಿದ್ದ ಸರಕಾರ 1842ರಲ್ಲಿ ಅದನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಆದರೆ ಬ್ಯಾಬೇಜನು 1834ರಿಂದಲೇ ಅದಕ್ಕಿಂತ ಎಷ್ಟೋ ಮಿಗಿಲಾದ ವಿಶ್ಲೇಷಣ ಯಂತ್ರದ ಚಿಂತನೆಯಲ್ಲಿ ಮುಳುಗಿದ್ದನು. ಅದರಲ್ಲಿ ಸಂಖ್ಯೆಗಳನ್ನು ಇರಿಸಲು ಒಂದು ಉಗ್ರಾಣ, ಅವುಗಳನ್ನು ಕೂಡಿ ಕಳೆದು ಗುಣಿಸಿ ಭಾಗಿಸಲು ಒಂದು ಗಿರಣಿ. ಯಾವ ಸಂಖ್ಯೆಯನ್ನು ಎಲ್ಲಿಂದ ತರಬೇಕು, ಏನು ಮಾಡಬೇಕು ಎಂಬ ಆಜ್ಞೆಗಳನ್ನು ರಂಧ್ರಗಳುಳ್ಳ ರಟ್ಟುಗಳ ಮೂಲಕ ಕೊಡಬೇಕಾಗಿತ್ತು.

ಈ ರಟ್ಟುಗಳ ಉಪಾಯ ಬಂದುದು ಫ್ರಾನ್ಸಿನ ನೇಕಾರ ಜಕಾರನ ಮಗ್ಗದಿಂದ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅವನು ರೂಪಿಸಿದ ಮಗ್ಗದಲ್ಲಿ ರಂಧ್ರವಿರುವಲ್ಲಿ ಒಂದು ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ರಟ್ಟುಗಳ ಸರವನ್ನು ಬದಲಾಯಿಸಿದರೆ ಅದೇ ಮಗ್ಗ ಬೇರೆ ಚಿತ್ತಾರವನ್ನು ನೇಯುತ್ತದೆ. ನಮ್ಮ ನಾಡಿನ ರೇಷ್ಮೆ ಮಗ್ಗಗಳ ಮೇಲೆಯೂ ಜಕಾರ್ಡ್ ಎಂಬ ಹೆಸರಿನಿಂದ ಈ ರಟ್ಟಿನ ಸರಗಳನ್ನು ಕಾಣಬಹುದು.

1840ರಲ್ಲಿ ಬ್ಯಾಬೇಜನು ಇಟಲಿಯ ಟ್ಯೂರಿನ್ ನಗರದಲ್ಲಿ ತನ್ನ ಯಂತ್ರವನ್ನು ವಿವರಿಸಿದನು. ಅದನ್ನು ಕೇಳಿದ ಮೆನಬ್ರಿಯಾ ಎಂಬ ತರುಣ ಎಂಜಿನಿಯರ್ 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಅದನ್ನು ಏಡಾ ಇಂಗ್ಲಿಷಿಗೆ ಅನುವಾದಿಸಿದಳು. ಇಷ್ಟು ಬಲ್ಲವಳು ಸ್ವತಂತ್ರವಾದ ಲೇಖನವನ್ನೇ ಏಕೆ ಬರೆಯಲಿಲ್ಲವೆಂದು ಬ್ಯಾಬೇಜನು ಕೇಳಿದನಂತೆ. ಆ ಯೋಚನೆಯೇ ತನಗೆ ಹೊಳೆಯಲಿಲ್ಲವೆಂದು ಏಡಾ ಉತ್ತರಿಸಿದಳು. ಹಾಗಾದರೆ ಅನುವಾದಕ್ಕೆ ಟಿಪ್ಪಣಿಗಳನ್ನಾದರೂ ಸೇರಿಸಬೇಕೆಂದು ಅವನು ಸೂಚಿಸಿದನು. ಹೀಗೆ ಹುಟ್ಟಿದ ಏಳು ಟಿಪ್ಪಣಿಗಳು ಮೂಲ ಲೇಖನದ ಸುಮಾರು ಮೂರರಷ್ಟು ಬೆಳೆದವು.

ಆ ಲೇಖನ ಹಾಗೂ ಟಿಪ್ಪಣಿಗಳಲ್ಲಿ ಬರುವ ಒಂದು ಉದಾಹರಣೆ ಪ್ರೌಢಶಾಲೆಯ ಮಕ್ಕಳಿಗೂ ತಿಳಿಯುವಂತಹದು. ಎರಡು ಅವ್ಯಕ್ತಗಳುಳ್ಳ ಎರಡು ಸಮೀಕರಣಗಳನ್ನು ಯಂತ್ರದಿಂದ ಬಿಡಿಸುವುದು ಹೇಗೆ? ಅವುಗಳನ್ನು ಕನ್ನಡದ ಅಕ್ಷರಗಳಲ್ಲಿ ಹೀಗೆ ಬರೆಯಬಹುದು:

ಕಯ + ಖರ = ಗ
ಚಯ + ಛರ = ಜ

ಇಲ್ಲಿ ಯ ಮತ್ತು ರ ಅವ್ಯಕ್ತಗಳು. ಉಳಿದವು ತಿಳಿದ ರಾಶಿಗಳು. ಬಿಡಿಸಿದರೆ ದೊರೆಯುವುದು ಇದು:

ಯ = (ಗಛ − ಜಖ) ÷ (ಕಛ − ಚಖ)
ರ = (ಕಜ − ಚಗ) ÷ (ಕಛ − ಚಖ)

ಎಣಿಸಿ ನೋಡಿದರೆ ಇದರಲ್ಲಿ ಆರು ಗುಣಾಕಾರ, ಮೂರು ವ್ಯವಕಲನ, ಎರಡು ಭಾಗಾಕಾರ, ಒಟ್ಟು ಹನ್ನೊಂದು ಕ್ರಿಯೆಗಳಿವೆ. ಭಾಜಕ ಎರಡಕ್ಕೂ ಒಂದೇ ಆದುದರಿಂದ ಅದನ್ನು ಒಮ್ಮೆ ಲೆಕ್ಕ ಹಾಕಿ ಉಗ್ರಾಣದಲ್ಲಿರಿಸಿದರೆ ಎರಡು ಸಲ ಬಳಸಬಹುದು. ಈಗ 3ಯ + 2ರ = 12, ಯ + 2ರ = 8 ಎಂಬ ಲೆಕ್ಕ ಬಂದಿತೆನ್ನೋಣ. ಗುಣಲಬ್ಧಗಳನ್ನು ಕಂಡು, ಕಳೆದು, ಭಾಗಿಸಿದರೆ ಯ = 8 ÷ 4, ಅಂದರೆ 2; ರ = 12 ÷ 4, ಅಂದರೆ 3. ನಾಳೆ ಬೇರೆ ಸಂಖ್ಯೆಗಳು ಬಂದರೂ ಆ ಹನ್ನೊಂದು ಕ್ರಿಯೆಗಳ ಕ್ರಮ ಬದಲಾಗದು. ಆದ್ದರಿಂದ ರಟ್ಟುಗಳ ಮೇಲೆ ಬರೆಯಬೇಕಾದುದು ಒಂದು ಲೆಕ್ಕದ ಉತ್ತರವನ್ನಲ್ಲ, ಆ ಜಾತಿಯ ಲೆಕ್ಕಗಳೆಲ್ಲಕ್ಕೂ ಸಲ್ಲುವ ವಿಧಾನವನ್ನು.

ಏಡಾ ಇಲ್ಲಿಗೇ ನಿಲ್ಲಲಿಲ್ಲ. ಯಂತ್ರದ ಉತ್ತರ ಅಂಕೆಗಳಲ್ಲಿ ಬರುವುದರಿಂದ ಅದರ ಕೆಲಸವೂ ಕೇವಲ ಅಂಕಗಣಿತವೆಂದು ತಿಳಿಯುವುದು ತಪ್ಪೆಂದು ಆಕೆ ಸ್ಪಷ್ಟವಾಗಿ ಬರೆದಳು. ಯಂತ್ರವು ರಾಶಿಗಳನ್ನು ಅಕ್ಷರಗಳೆಂಬಂತೆಯೇ ಜೋಡಿಸಿ ಹೊಂದಿಸಬಲ್ಲದು. ತಕ್ಕ ಏರ್ಪಾಡು ಮಾಡಿದರೆ ಫಲವನ್ನು ಬೀಜಗಣಿತದ ಭಾಷೆಯಲ್ಲಿಯೇ ಕೊಡಬಲ್ಲದು. ಸಂಬಂಧಗಳನ್ನು ನಿಯಮಗಳಲ್ಲಿ ಹೇಳಲು ಬರುವುದಾದರೆ ಸಂಖ್ಯೆಯಲ್ಲದ ವಸ್ತುಗಳನ್ನೂ ಅದು ನಿರ್ವಹಿಸೀತು. ಸ್ವರಗಳ ಸಂಬಂಧವನ್ನು ತಿಳಿಸಿದರೆ ಸಂಗೀತವನ್ನೂ ರಚಿಸೀತು. ಜಕಾರನ ಮಗ್ಗವು ಹೂವು ಎಲೆಗಳನ್ನು ನೇಯುವ ಹಾಗೆ ಈ ಯಂತ್ರವು ಬೀಜಗಣಿತದ ಚಿತ್ತಾರಗಳನ್ನು ನೇಯುತ್ತದೆ ಎಂಬುದು ಆಕೆಯ ಹೋಲಿಕೆ. ಕವಿಯ ಮಗಳು ಗಣಿತದ ಅಂಗಳದಲ್ಲಿ ನಿಂತು ಆಡಿದ ಮಾತು ಅದು. ಕಲ್ಪನೆಗೆ ಕಡಿವಾಣವಾಗಲೆಂದು ಕಲಿಸಿದ ಗಣಿತವೇ ಆಕೆಯ ಕಲ್ಪನೆಗೆ ರೆಕ್ಕೆಯಾಯಿತು.

ಅದೇ ಉಸಿರಿನಲ್ಲಿ ಆಕೆ ಎಚ್ಚರಿಕೆಯನ್ನೂ ಕೊಟ್ಟಳು. ಯಂತ್ರವು ತಾನಾಗಿ ಯಾವುದನ್ನೂ ಹುಟ್ಟಿಸುವುದಿಲ್ಲ. ಹೇಗೆ ಮಾಡಬೇಕೆಂದು ನಾವು ಬಲ್ಲೆವೋ, ಹೇಳಬಲ್ಲೆವೋ ಅದನ್ನು ಮಾತ್ರ ಮಾಡುತ್ತದೆ. ಹೊಸದನ್ನು ಕಂಡಾಗ ಮೊದಲು ಅತಿಯಾಗಿ ಹೊಗಳುವುದು, ಅನಂತರ ಅತಿಯಾಗಿ ಹೀಗಳೆಯುವುದು ಮನುಷ್ಯಸ್ವಭಾವ. ಈ ಎರಡು ಅತಿಗಳನ್ನೂ ಆಕೆ ಬಿಡಿಸಿ ತೋರಿದಳು.

ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳೆಂಬ ವಿಶೇಷ ಸಂಖ್ಯೆಗಳನ್ನು ಯಂತ್ರವು ಹೇಗೆ ಲೆಕ್ಕ ಹಾಕಬೇಕೆಂದು ಹೆಜ್ಜೆಹೆಜ್ಜೆಯಾಗಿ ತೋರಿಸುವ ದೊಡ್ಡ ಕೋಷ್ಟಕವಿದೆ. ನಮ್ಮ ಶ್ರೀನಿವಾಸ ರಾಮಾನುಜನ್ 1911ರಲ್ಲಿ ಪ್ರಕಟಿಸಿದ ಮೊದಲ ಪ್ರಬಂಧದ ವಸ್ತುವೂ ಇವೇ ಸಂಖ್ಯೆಗಳು. ಇವುಗಳಲ್ಲಿ ಪ್ರತಿಯೊಂದನ್ನೂ ಅದರ ಹಿಂದಿನವುಗಳಿಂದ ಪಡೆಯಬೇಕಾದುದರಿಂದ ಕೆಲವು ಕ್ರಿಯೆಗಳನ್ನು ಯಂತ್ರ ಮರಳಿ ಮರಳಿ ಮಾಡಬೇಕು. 1843ರ ಬೇಸಗೆಯೆಲ್ಲ ಈ ಕೆಲಸದಲ್ಲಿ ಕಳೆಯಿತು. ಏಡಾಳಿಗೂ ಬ್ಯಾಬೇಜನಿಗೂ ನಡುವೆ ಪತ್ರಗಳು ಒಂದೇ ಸಮನೆ ಓಡಾಡಿದವು. ಆಕೆ ಸೀಸದಕಡ್ಡಿಯಿಂದ ಬರೆದ ಕೋಷ್ಟಕದ ಮೇಲೆ ಪತಿ ಕುಳಿತು ಶಾಯಿಯಿಂದ ತಿದ್ದಿದನು. ಈ ಕೋಷ್ಟಕದ ಹಿಂದಿನ ಬೀಜಗಣಿತವನ್ನು ತಾನು ಮಾಡಿಕೊಟ್ಟುದಾಗಿಯೂ, ಅದರಲ್ಲಿದ್ದ ದೊಡ್ಡ ತಪ್ಪೊಂದನ್ನು ಏಡಾ ಪತ್ತೆಹಚ್ಚಿದಳೆಂದೂ ಬ್ಯಾಬೇಜನು ಮುಂದೆ ತನ್ನ ಆತ್ಮಕಥೆಯಲ್ಲಿ ತಿಳಿಸಿದ್ದಾನೆ. ಅಚ್ಚಾದ ಕೋಷ್ಟಕದಲ್ಲಿ ಒಂದು ಕಡೆ ಭಾಜ್ಯ ಭಾಜಕಗಳು ಅದಲುಬದಲಾಗಿ ಉಳಿದುಬಿಟ್ಟಿವೆ. ಇದರಲ್ಲಿ ಯಾರ ಪಾಲು ಎಷ್ಟೆಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಆದರೆ ಯಂತ್ರವನ್ನು ಸಂಖ್ಯೆಯಿಂದಾಚೆಗೆ, ಚಿಹ್ನೆಗಳ ಲೋಕದಲ್ಲಿ ನಿಲ್ಲಿಸಿ ನೋಡಿದ ದೃಷ್ಟಿಯನ್ನು ಏಡಾಳದೆಂದೇ ಹಲವರು ಒಪ್ಪುತ್ತಾರೆ.

ಅಚ್ಚಿನ ಹೊತ್ತಿಗೆ ಗುರುಸಮಾನನಾದ ಬ್ಯಾಬೇಜನೊಡನೆಯೇ ಭಿನ್ನಾಭಿಪ್ರಾಯ ಉಂಟಾಯಿತು. ಸರಕಾರವನ್ನು ಟೀಕಿಸಿ ತಾನು ಬರೆದ ಹೇಳಿಕೆಯನ್ನು, ಹೆಸರಿಲ್ಲದೆ, ಈ ಬರಹದೊಡನೆ ಸೇರಿಸಬೇಕೆಂದು ಅವನು ಬಯಸಿದನು. ಏಡಾ ಒಪ್ಪಲಿಲ್ಲ. ಬರಹವನ್ನೇ ಹಿಂತೆಗೆದುಕೊಳ್ಳುವಂತೆ ಅವನು ಹೇಳಿದಾಗಲೂ ಆಕೆ ಮಣಿಯಲಿಲ್ಲ. ಶಾಸ್ತ್ರದ ವಿವರಣೆಯಲ್ಲಿ ಸ್ವಂತ ಜಗಳ ಬೆರೆಯಬಾರದೆಂಬುದು ಆಕೆಯ ನಿಲುವು. ಟಿಪ್ಪಣಿಗಳು ಪ್ರಕಟವಾದವು. ಅವುಗಳ ಕೆಳಗೆ ಪೂರ್ಣ ಹೆಸರಿಲ್ಲ. ಮೂರು ಮೊದಲಕ್ಷರಗಳು ಮಾತ್ರ ಇದ್ದವು. ಸ್ನೇಹ ಬೇಗನೆ ಮತ್ತೆ ಕೂಡಿಕೊಂಡಿತು. ಆದರೆ ಯಂತ್ರಕ್ಕೆ ಹಣ ದೊರೆಯಲಿಲ್ಲ. ವಿಶ್ಲೇಷಣ ಯಂತ್ರವು ಕೊನೆಯವರೆಗೂ ಕಾಗದದ ಮೇಲೆಯೇ ಉಳಿಯಿತು.

ಏಡಾಳ ಉಳಿದ ಬಾಳು ಸುಖಕರವಾಗಿರಲಿಲ್ಲ. ದೊಡ್ಡ ಗ್ರಂಥವೊಂದನ್ನು ಬರೆಯುವ ಆಸೆ ಕೈಗೂಡಲಿಲ್ಲ. ಕುದುರೆ ಪಂದ್ಯದ ಜೂಜಿನಲ್ಲಿ ತೊಡಗಿ ಸಾಲದಲ್ಲಿ ಸಿಲುಕಿದಳು; ಮನೆತನದ ಒಡವೆಗಳನ್ನೂ ಒತ್ತೆಯಿಟ್ಟಳು. ಅಷ್ಟರಲ್ಲಿ ಕ್ಯಾನ್ಸರ್ ರೋಗ ಆವರಿಸಿತು. ಬಹಳ ಕಾಲ ನೋವುಂಡು 1852ರ ನವೆಂಬರ್ 27ರಂದು ಕಣ್ಮುಚ್ಚಿದಳು. ತಂದೆ ತೀರಿಕೊಂಡ ವಯಸ್ಸೂ ಮೂವತ್ತಾರು, ಮಗಳದೂ ಅಷ್ಟೆ. ಬುದ್ಧಿ ತಿಳಿದ ಮೇಲೆ ಒಮ್ಮೆಯೂ ಕಾಣದಿದ್ದ ಆ ತಂದೆಯ ಪಕ್ಕದಲ್ಲಿಯೇ, ಹಕ್‌ನಲ್ ಊರಿನ ಚರ್ಚಿನಲ್ಲಿ, ಆಕೆಯ ಇಚ್ಛೆಯಂತೆ ಸಮಾಧಿ ಮಾಡಿದರು.

ಟಿಪ್ಪಣಿಗಳನ್ನು ಬಹುಕಾಲ ಹೆಚ್ಚು ಜನ ಓದಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಗಣಕಗಳು ಬಂದ ಬಳಿಕ ಲೋಕಕ್ಕೆ ಅವುಗಳ ನೆನಪಾಯಿತು. 1950ರಲ್ಲಿ ಅಲನ್ ಟ್ಯೂರಿಂಗ್ ಎಂಬ ಮೇಧಾವಿ, ಯಂತ್ರವು ಯೋಚಿಸಬಲ್ಲದೇ ಎಂಬುದನ್ನು ಚರ್ಚಿಸುವಾಗ, ಏಡಾಳ ಎಚ್ಚರಿಕೆಯನ್ನು ಹೆಸರಿಸಿ ಅದಕ್ಕೆ ಉತ್ತರ ಕೊಡಲು ಯತ್ನಿಸಿದನು. 1953ರಲ್ಲಿ ಟಿಪ್ಪಣಿಗಳು ಮತ್ತೆ ಅಚ್ಚಾದವು. ಅದೇ ವರ್ಷ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು, ಒಬ್ಬರ ಕೆಲಸ ಇನ್ನೊಬ್ಬರದರಿಂದ ಬೇರೆಯಾಗಿ, ಗಣಕದಿಂದ ಚಿಹ್ನೆಗಳ ಮೂಲಕವೇ ಕಲನಶಾಸ್ತ್ರದ ಲೆಕ್ಕ ಮಾಡಿಸಿದರು. 1968ರಲ್ಲಿ ಅಲ್ಲಿಯ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಮ್ಯಾಕ್ಸಿಮಾ ತಂತ್ರಾಂಶದ ಮೂಲರೂಪದ ಕೆಲಸ ಆರಂಭವಾಯಿತು. ಅನಂತರ ಮೇಪಲ್, ಮ್ಯಾಥಮ್ಯಾಟಿಕಾ, ಸೇಜ್‌ಮ್ಯಾಥ್ ಮುಂತಾದವು ಹುಟ್ಟಿಕೊಂಡವು. ಸಂಖ್ಯೆಯನ್ನೇ ಕೊಡದೆ ಬರಿಯ ಅಕ್ಷರಗಳುಳ್ಳ ಸಮೀಕರಣವನ್ನು ಒಪ್ಪಿಸಿದರೂ ಇವು ಅಕ್ಷರಗಳಲ್ಲಿಯೇ ಉತ್ತರ ಬರೆಯುತ್ತವೆ. ಏಡಾ ಹೇಳಿದ್ದ ಆ ತಕ್ಕ ಏರ್ಪಾಡು ಕೊನೆಗೂ ಕೈಗೂಡಿತು. 1979ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಒಂದು ಗಣಕಭಾಷೆಗೆ ಏಡಾ ಎಂದು ಹೆಸರಿಟ್ಟು ಆಕೆಯನ್ನು ಗೌರವಿಸಿತು. 1991ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಬ್ಯಾಬೇಜನ ಎರಡನೆಯ ವ್ಯತ್ಯಾಸ ಯಂತ್ರವನ್ನು ಅವನ ನಕ್ಷೆಗಳಂತೆ ಕಟ್ಟಿದರು. ಅದು ಸರಿಯಾಗಿ ಲೆಕ್ಕ ಮಾಡಿತು.

ಇಂದಿನ ವಿದ್ಯಾರ್ಥಿಯ ಬಳಿ ಏಡಾ ಕನಸಿನಲ್ಲಿ ಕಂಡುದಕ್ಕಿಂತ ಬಲವಾದ ಯಂತ್ರವಿದೆ. ಅವನು ಬರೆದುಕೊಟ್ಟ ಸಮೀಕರಣವನ್ನು ಅದು ಬಿಡಿಸಿ ಕೊಡುತ್ತದೆ. ಆದರೆ ಪ್ರಶ್ನೆಯಲ್ಲಿ ಅವ್ಯಕ್ತ ಯಾವುದು, ಅದಕ್ಕೂ ತಿಳಿದ ರಾಶಿಗಳಿಗೂ ಇರುವ ಸಂಬಂಧವೇನು, ಬಂದ ಉತ್ತರ ಪ್ರಶ್ನೆಗೆ ಹೊಂದುವುದೇ ಎಂಬುದನ್ನು ಅರಿಯುವ ಹೊಣೆ ಅವನದೇ. ಸಮೀಕರಣವನ್ನೇ ತಪ್ಪಾಗಿ ಬರೆದರೆ ಯಂತ್ರವು ಆ ತಪ್ಪು ಸಮೀಕರಣವನ್ನೇ ನಿಷ್ಠೆಯಿಂದ ಬಿಡಿಸಿ ಕೊಟ್ಟೀತು. ಬೀಜಗಣಿತದಲ್ಲಿ ಎಡವಿ, ತಿಳಿಯಲಿಲ್ಲವೆಂದು ಗುರುವಿಗೆ ಬರೆದು, ಮತ್ತೆ ಎದ್ದು ನಡೆದ ಏಡಾ ಇದನ್ನು ಚೆನ್ನಾಗಿ ಅರಿತಿದ್ದಳು. ಮಗ್ಗ ಎಷ್ಟು ಚುರುಕಾಗಿದ್ದರೂ ಚಿತ್ತಾರವನ್ನು ಯೋಚಿಸಬೇಕಾದವನು ನೇಕಾರನೇ.